ಆ ಊರಲ್ಲಿ ಇರೋಕಾಗಲ್ಲ ಅಂತ ಯಾರಾದರೂ ಹೇಳಿದರೆ ಅದನ್ನು ಕೇಳಿಸಿಕೊಳ್ಳುವುದು ಹೇಗೆ

ಯಾವುದೋ ಊರಿಗೆ ಹೋಗಿ ನೆಲೆಸುವ ಯೋಚನೆ ಇದೆ ಅಂತ ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ನೋಡಿ. ಒಬ್ಬರು "ಸ್ವರ್ಗ, ಕಣ್ಮುಚ್ಚಿಕೊಂಡು ಹೋಗಿ" ಅನ್ನುತ್ತಾರೆ. ಇನ್ನೊಬ್ಬರು "ಅಯ್ಯೋ, ಅಲ್ಲಿ ಮನುಷ್ಯರು ಇರೋಕಾಗುತ್ತಾ?" ಅನ್ನುತ್ತಾರೆ. ಮೂರನೆಯವರು ಆ ಊರಿಗೆ ಕಾಲೇ ಇಟ್ಟಿರುವುದಿಲ್ಲ, ಆದರೂ ಎಲ್ಲರಿಗಿಂತ ಜಾಸ್ತಿ ಮಾತಾಡುವುದು ಅವರೇ. ಇಷ್ಟೂ ಕೇಳಿಸಿಕೊಂಡ ಮೇಲೆ ತಲೆ ಕೆಡುವುದೊಂದೇ ಲಾಭ.

ನನ್ನ ಪ್ರಕಾರ ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. (ಮೂರನೆಯವರ ವಿಷಯ ಬಿಡಿ.) ಊರಿನ ಬಗ್ಗೆ ಹೇಳುತ್ತಿದ್ದೇವೆ ಅಂದುಕೊಂಡು ಅವರು ಅಲ್ಲಿ ತಾವು ಕಳೆದ ಬದುಕಿನ ಬಗ್ಗೆ ಹೇಳುತ್ತಿರುತ್ತಾರೆ. ಆಗ ಅವರ ವಯಸ್ಸೆಷ್ಟು, ಮನೆ ಎಲ್ಲಿತ್ತು, ಬಾಡಿಗೆ ಯಾರು ಕಟ್ಟುತ್ತಿದ್ದರು, ಕೆಲಸ ಇಷ್ಟವಿತ್ತಾ, ಜೊತೆಗೆ ಯಾರಿದ್ದರು ಎಂಬುದೆಲ್ಲ ಕಲಸಿಕೊಂಡು ಕೊನೆಗೆ "ಊರು ಚೆನ್ನಾಗಿದೆ" ಅಥವಾ "ಊರು ಸರಿಯಿಲ್ಲ" ಅಂತ ಒಂದೇ ಮಾತಾಗಿ ಹೊರಗೆ ಬರುತ್ತದೆ. ಆ ಮಾತನ್ನು ಬಿಡಿಸಿ ನೋಡುವುದು ಗೊತ್ತಿದ್ದರೆ ಬೈಗುಳದಿಂದಲೂ ಉಪಯೋಗದ ವಿಷಯ ತೆಗೆಯಬಹುದು. ಅದು ಹೇಗೆ ಅಂತಲೇ ಇಲ್ಲಿ ಬರೆಯುತ್ತಿರುವುದು.

ಮೊದಲು ಹೇಳಿದವರನ್ನು ವಿಚಾರಿಸಿ

ಊರು ಹೇಗಿದೆ ಅಂತ ಕೇಳಬೇಡಿ. ಹಾಗೆ ಕೇಳಿದರೆ ತೀರ್ಪು ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ. ನೀವು ಯಾವ ವರ್ಷ ಅಲ್ಲಿದ್ದಿರಿ ಅಂತ ಶುರು ಮಾಡಿ.

ವರ್ಷ ಯಾಕೆ ಮುಖ್ಯ ಅಂದರೆ, ಒಂದು ಊರು ಸರಿಹೋದರೂ ಅದರ ಕೆಟ್ಟ ಹೆಸರು ಬೇಗ ಹೋಗುವುದಿಲ್ಲ. ನ್ಯೂಯಾರ್ಕ್‌ನಲ್ಲಿ 1990ರಲ್ಲಿ 2,200ಕ್ಕೂ ಹೆಚ್ಚು ಕೊಲೆಗಳಾಗಿದ್ದವು. 2017ರಲ್ಲಿ ಆ ಸಂಖ್ಯೆ 300ಕ್ಕಿಂತ ಕೆಳಗೆ ಬಂದಿತ್ತು. 1990ರ ಸುಮಾರಿಗೆ ಅಲ್ಲಿದ್ದು ಬಂದವರು "ಕತ್ತಲಾದ ಮೇಲೆ ಹೊರಗೆ ಹೋಗಬೇಡಿ" ಅಂದರೆ ಅದು ಅವರ ಪಾಲಿಗೆ ನಿಜವೇ, ಆದರೆ ಅವರು ಹೇಳುತ್ತಿರುವ ಊರು ಈಗಿಲ್ಲ. ಕೊಲಂಬಿಯಾದ ಮೆಡೆಲಿನ್ ಇನ್ನೂ ದೊಡ್ಡ ಉದಾಹರಣೆ. 1990ರ ದಶಕದ ಶುರುವಿನಲ್ಲಿ ಅದು ಜಗತ್ತಿನ ಅತಿ ಅಪಾಯದ ಊರುಗಳಲ್ಲಿ ಒಂದಾಗಿತ್ತು. 2004ರಲ್ಲಿ ಅದೇ ಊರು ಗುಡ್ಡದ ಮೇಲಿನ ಬಡ ಬಡಾವಣೆಗಳಿಗೆ ಕೇಬಲ್ ಕಾರು ಹಾಕಿ ಮೆಟ್ರೊಗೆ ಜೋಡಿಸಿತು, ಈಗ ಬೇರೆ ದೇಶದ ನಗರ ಯೋಜನೆಯವರು ಅದನ್ನು ನೋಡಿ ಬರಲು ಹೋಗುತ್ತಾರೆ. ಇದು ಉಲ್ಟಾ ಕೂಡ ಆಗುತ್ತದೆ. "ಅಗ್ಗದ ಊರು, ಆರಾಮಾಗಿರಬಹುದು" ಅನ್ನುವ ಮಾತು ಹತ್ತು ಹದಿನೈದು ವರ್ಷ ಹಳೆಯದಾದರೆ ಅದರ ಮೇಲೆ ಲೆಕ್ಕ ಹಾಕಬೇಡಿ.

ಆಮೇಲೆ, ಊರಿನ ಯಾವ ಭಾಗದಲ್ಲಿದ್ದಿರಿ? ದೊಡ್ಡ ಊರು ಅಂದರೆ ಒಂದೇ ಊರಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಅಷ್ಟೇನೂ ದೊಡ್ಡದಲ್ಲ, ಆದರೂ ಬೇಸಿಗೆಯಲ್ಲಿ ಸಮುದ್ರದ ಕಡೆಯ ಸನ್‌ಸೆಟ್ ಬಡಾವಣೆ ಮಂಜಿನಲ್ಲಿ ಮುಚ್ಚಿಕೊಂಡು ಚಳಿಯಲ್ಲಿರುತ್ತದೆ, ಕೆಲವೇ ಕಿಲೋಮೀಟರ್ ಆಚೆ ಮಿಷನ್ ಬಡಾವಣೆಯಲ್ಲಿ ಬಿಸಿಲು ಹೊಡೆಯುತ್ತಿರುತ್ತದೆ. ಹವೆಯೇ ಇಷ್ಟು ಬದಲಾದರೆ ಸದ್ದು, ನೀರು, ಬಸ್ಸು, ರಾತ್ರಿ ಓಡಾಟ ಎಷ್ಟು ಬದಲಾಗಬೇಕು. "ಊರು ಕೊಳಕು" ಅಂದವರು ಯಾವ ಮೂಲೆಯಲ್ಲಿದ್ದರು ಅಂತ ತಿಳಿಯುವವರೆಗೆ ಆ ಮಾತಿಗೆ ಬೆಲೆ ಕಟ್ಟಬೇಡಿ.

ದುಡ್ಡಿನ ವಿಷಯ ಕೇಳುವುದು ಸ್ವಲ್ಪ ಮುಜುಗರ. ಸಂಬಳ ಎಷ್ಟಿತ್ತು ಅಂತ ನೇರವಾಗಿ ಕೇಳಲಾಗುವುದಿಲ್ಲ, ಆದರೆ ಸಂಬಳದಲ್ಲಿ ಎಷ್ಟು ಪಾಲು ಬಾಡಿಗೆಗೆ ಹೋಗುತ್ತಿತ್ತು ಅಂತ ಕೇಳಬಹುದು. ಅರ್ಧ ಸಂಬಳ ಬಾಡಿಗೆಗೆ ಕೊಟ್ಟವರಿಗೂ ಕಂಪನಿಯೇ ಮನೆ ಕೊಟ್ಟವರಿಗೂ ಒಂದೇ ಬೀದಿ ಬೇರೆ ಬೇರೆ ಥರ ಕಾಣುತ್ತದೆ. ಎಲ್ಲಾ ಊರೂ ದುಡ್ಡಿದ್ದವರಿಗೆ ಚೆನ್ನಾಗಿಯೇ ಇರುತ್ತದೆ ಅಂತ ಒಂದು ಮಾತಿದೆಯಲ್ಲ, ಅದು ಪೂರ್ತಿ ನಿಜವಲ್ಲ. ಕೆಟ್ಟ ಗಾಳಿ ದುಡ್ಡಿದ್ದವರ ಮೂಗಿಗೂ ಹೋಗುತ್ತದೆ. ಆದರೆ ಮುಕ್ಕಾಲು ಪಾಲು ನಿಜ.

ಕೊನೆಯದು, ಯಾಕೆ ಬಿಟ್ಟು ಬಂದಿರಿ? ಅಥವಾ ಯಾಕೆ ಇನ್ನೂ ಅಲ್ಲೇ ಇದ್ದೀರಿ? ಬಿಟ್ಟು ಬಂದವರು ಬಿಟ್ಟಿದ್ದೇ ಸರಿ ಅಂತ ತಮಗೇ ಹೇಳಿಕೊಳ್ಳಬೇಕಾಗಿರುತ್ತದೆ. ಸಾಲ ಮಾಡಿ ಮನೆ ಕೊಂಡವರು ಕೊಂಡಿದ್ದೇ ಸರಿ ಅಂತ ಹೇಳಿಕೊಳ್ಳಬೇಕಾಗಿರುತ್ತದೆ. ಇಬ್ಬರಿಗೂ ಒಂದೊಂದು ಕಾರಣ ಇದೆ, ಇಬ್ಬರ ಮಾತಿಗೂ ಸ್ವಲ್ಪ ಉಪ್ಪು ಜಾಸ್ತಿ ಬಿದ್ದಿರುತ್ತದೆ. ನಡುವೆ ಇರುವವರು, ಅಂದರೆ "ಏನೋ ನಡೀತಿದೆ, ಪರವಾಗಿಲ್ಲ" ಅನ್ನುವವರು, ತಾವಾಗಿ ಬಂದು ಅಭಿಪ್ರಾಯ ಹೇಳುವುದೇ ಇಲ್ಲ. ನಿಮಗೆ ಬೇಕಾದವರು ಅವರೇ. ಹುಡುಕಿಕೊಂಡು ಹೋಗಿ ಕೇಳಬೇಕು.

ರ‍್ಯಾಂಕಿಂಗ್ ಪಟ್ಟಿಗಳನ್ನು ಏನು ಮಾಡುವುದು

ಪ್ರತಿ ವರ್ಷ "ಜಗತ್ತಿನ ವಾಸಯೋಗ್ಯ ನಗರಗಳು" ಅಂತ ಸುದ್ದಿ ಬರುತ್ತದೆ. ಅದರಲ್ಲಿ ಹೆಚ್ಚು ಹೆಸರಾಗಿರುವುದು ಬ್ರಿಟನ್ನಿನ ಎಕನಾಮಿಸ್ಟ್ ಪತ್ರಿಕೆಯ ಬಳಗದ ಸಂಶೋಧನಾ ಸಂಸ್ಥೆ, ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್, ತಯಾರಿಸುವ ಪಟ್ಟಿ. 173 ನಗರಗಳಿಗೆ ಅಂಕ ಕೊಡುತ್ತಾರೆ. ಸ್ಥಿರತೆಗೆ (ಅಂದರೆ ಅಪರಾಧ, ಗಲಭೆ, ಯುದ್ಧದ ಭಯ ಎಷ್ಟು ಕಡಿಮೆ ಅನ್ನುವುದಕ್ಕೆ) ಶೇ 25, ಸಂಸ್ಕೃತಿ ಮತ್ತು ಪರಿಸರಕ್ಕೆ ಶೇ 25, ಆರೋಗ್ಯ ಸೇವೆಗೆ ಶೇ 20, ಮೂಲಸೌಕರ್ಯಕ್ಕೆ ಶೇ 20, ಶಿಕ್ಷಣಕ್ಕೆ ಶೇ 10. ಈ ಲೆಕ್ಕದಲ್ಲಿ ಏನು ಇಲ್ಲ ನೋಡಿದಿರಾ? ಜೀವನ ವೆಚ್ಚ. ಅದಕ್ಕೆ ಅವರದೇ ಇನ್ನೊಂದು ಸಮೀಕ್ಷೆ ಇದೆ. ಅಂದರೆ ಈ ಪಟ್ಟಿಯಲ್ಲಿ ಮೊದಲ ಸ್ಥಾನದ ಊರಿನಲ್ಲಿ ನಿಮಗೆ ಒಂದು ಕೋಣೆ ಬಾಡಿಗೆಗೆ ಹಿಡಿಯಲು ಆಗದೆಯೂ ಇರಬಹುದು. ಇಂಥ ಪಟ್ಟಿಗಳ ಒಂದು ಮುಖ್ಯ ಉಪಯೋಗ ಅಂದರೆ, ನೌಕರರನ್ನು ಬೇರೆ ದೇಶಕ್ಕೆ ಕಳಿಸುವ ಕಂಪನಿಗಳು ಅಲ್ಲಿನ ಕಷ್ಟಕ್ಕೆ ಎಷ್ಟು ಭತ್ಯೆ ಕೊಡಬೇಕು ಅಂತ ತೀರ್ಮಾನಿಸುವುದು. ಸ್ವಂತ ದುಡ್ಡಲ್ಲಿ ಸಾಮಾನು ಕಟ್ಟಿಕೊಂಡು ಹೋಗುವವರು ಅವರ ಕಣ್ಣ ಮುಂದೆ ಇಲ್ಲ.

ಇನ್ನೂ ತಮಾಷೆ ಇದೆ. 2019ರಲ್ಲಿ ಆಸ್ಟ್ರಿಯಾದ ವಿಯೆನ್ನಾ ಮೊದಲನೇ ಸ್ಥಾನದಲ್ಲಿತ್ತು. ಕೋವಿಡ್ ಬಂದು ಅಲ್ಲಿನ ಮ್ಯೂಸಿಯಂ, ಹೋಟೆಲ್ ಎಲ್ಲಾ ಬಾಗಿಲು ಹಾಕಿದ್ದರಿಂದ 2021ರಲ್ಲಿ 12ಕ್ಕೆ ಇಳಿಯಿತು. ಆ ವರ್ಷ ಮೊದಲು ಬಂದದ್ದು ನ್ಯೂಜಿಲೆಂಡಿನ ಆಕ್ಲೆಂಡ್. ಮರುವರ್ಷ ಆಕ್ಲೆಂಡ್ 34ನೇ ಸ್ಥಾನಕ್ಕೆ ಬಿತ್ತು, ವಿಯೆನ್ನಾ ಮತ್ತೆ ಮೇಲೆ ಬಂತು. 2025ರಲ್ಲಿ ಕೋಪನ್‌ಹೇಗನ್ ಮೊದಲು. ಒಂದು ವರ್ಷದಲ್ಲಿ ಆಕ್ಲೆಂಡಿನ ರಸ್ತೆ, ಮನೆ, ಆಸ್ಪತ್ರೆ ಅಷ್ಟೊಂದು ಹಾಳಾದವಾ? ಇಲ್ಲ. ಮೇಲಿನ ಊರುಗಳ ನಡುವೆ ಅಂತರ ತೀರಾ ಸಣ್ಣದು, ಕೋವಿಡ್ ನಿರ್ಬಂಧ ಒಂದು ಕಡೆ ಹಾಕಿ ಇನ್ನೊಂದು ಕಡೆ ತೆಗೆದದ್ದಕ್ಕೇ ಇಷ್ಟು ಜಿಗಿತ.

ಹಾಗಂತ ಪಟ್ಟಿಯನ್ನು ಪೂರ್ತಿ ಬಿಸಾಕಬೇಡಿ. ತಳದ ಕಡೆ ಅದು ಸರಿಯಾಗಿಯೇ ಇರುತ್ತದೆ. ಯುದ್ಧ ನಡೆಯುವ, ಆಸ್ಪತ್ರೆ ಕುಸಿದ ಊರುಗಳು ಕೆಳಗಿರುವುದಕ್ಕೆ ಕಾರಣ ಇದೆ. ಮೇಲಿನ ಐವತ್ತರಲ್ಲಿ ಯಾವುದು ಎಷ್ಟನೆಯದು ಅನ್ನುವುದನ್ನು ಮಾತ್ರ ಮರೆತುಬಿಡಿ.

ಹವಾಮಾನದ ಮಾತು ಬಂದಾಗ

ಹವಾಮಾನದ ಬಗ್ಗೆ ಜನ ಹೇಳುವುದು ಎಷ್ಟು ತಪ್ಪಿರುತ್ತದೆ ಅಂದರೆ ಆಶ್ಚರ್ಯವಾಗುತ್ತದೆ. ಲಂಡನ್ ಅಂದ ಕೂಡಲೇ ಮಳೆ ಅಂತಾರೆ. ವರ್ಷದ ಲೆಕ್ಕದಲ್ಲಿ ಲಂಡನ್ನಿಗಿಂತ ರೋಮ್‌ನಲ್ಲೇ ಜಾಸ್ತಿ ಮಳೆ ಬೀಳುತ್ತದೆ, ಸಿಡ್ನಿಯಲ್ಲಂತೂ ಸುಮಾರು ಎರಡರಷ್ಟು. ಅಮೆರಿಕದ ಸಿಯಾಟಲ್ ಮಳೆಯ ಊರು ಅಂತ ಹೆಸರಾಗಿದೆ, ಆದರೆ ಒಟ್ಟು ಮಳೆ ನ್ಯೂಯಾರ್ಕ್‌ನಲ್ಲಿ ಹೆಚ್ಚು. ಹಾಗಾದರೆ ಜನ ಸುಳ್ಳು ಹೇಳುತ್ತಿದ್ದಾರಾ? ಅದೂ ಅಲ್ಲ. ಸಿಯಾಟಲ್‌ನಲ್ಲಿ ಮಳೆ ಬರುವ ದಿನಗಳು ಜಾಸ್ತಿ, ಸಣ್ಣಗೆ ಹನಿಯುತ್ತಲೇ ಇರುತ್ತದೆ, ಚಳಿಗಾಲದಲ್ಲಿ ಮೋಡ ಸರಿಯುವುದೇ ಅಪರೂಪ. ಅವರು "ಮಳೆ" ಅಂತ ದೂರುವುದರ ಒಳಗೆ ಬಿಸಿಲು ಕಾಣದ ಬೇಸರ ಇದೆ. ಹಾಗಾಗಿ ಯಾರಾದರೂ ಹವೆ ಕೆಟ್ಟದು ಅಂದರೆ ವರ್ಷದ ಸರಾಸರಿ ನೋಡಬೇಡಿ. ತಿಂಗಳಿಗೆ ಎಷ್ಟು ಗಂಟೆ ಬಿಸಿಲು, ಎಷ್ಟು ದಿನ ಮಳೆ, ಬೇಸಿಗೆಯಲ್ಲಿ ರಾತ್ರಿ ಉಷ್ಣಾಂಶ ಎಷ್ಟಕ್ಕೆ ಇಳಿಯುತ್ತದೆ, ಇವನ್ನು ನೋಡಿ. ರಾತ್ರಿಯೂ ತಂಪಾಗದ ಊರಲ್ಲಿ ನಿದ್ದೆ ಕೆಡುತ್ತದೆ. ಹಗಲಿನ ಬಿಸಿಲಿಗಿಂತ ಅದೇ ಜಾಸ್ತಿ ಕಾಡುವುದು. ಉತ್ತರದ ಊರುಗಳಾದರೆ ಹಗಲಿನ ಉದ್ದವನ್ನೂ ನೋಡಿ. ಹೆಲ್ಸಿಂಕಿಯಲ್ಲಿ ಡಿಸೆಂಬರ್ ಕೊನೆಗೆ ಹಗಲು ಆರು ಗಂಟೆಯೂ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ, ಹವಾಮಾನಕ್ಕೆ ನಾವು ಕೊಡುವ ಮಹತ್ವವೇ ಜಾಸ್ತಿ ಅಂತ ನನ್ನ ಅನಿಸಿಕೆ. ಇದಕ್ಕೆ ಒಂದು ಹಳೆಯ ಅಧ್ಯಯನದ ಬೆಂಬಲವೂ ಇದೆ. 1998ರಲ್ಲಿ ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನೆಮನ್ ಅನ್ನುವ ಸಂಶೋಧಕರು ಬಿಸಿಲಿನ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳನ್ನೂ ಅಮೆರಿಕದ ಉತ್ತರ-ಮಧ್ಯ ಭಾಗವಾದ ಚಳಿಯ ಮಿಡ್‌ವೆಸ್ಟ್‌ನ ವಿದ್ಯಾರ್ಥಿಗಳನ್ನೂ ಕೇಳಿದರು. ತಮ್ಮ ಬದುಕಿನ ಬಗ್ಗೆ ಎರಡೂ ಕಡೆಯವರ ತೃಪ್ತಿ ಹೆಚ್ಚು ಕಡಿಮೆ ಒಂದೇ ಇತ್ತು. ಆದರೆ ನಿಮ್ಮಂಥವರೇ ಒಬ್ಬರು ಎಲ್ಲಿ ಹೆಚ್ಚು ಖುಷಿಯಾಗಿರುತ್ತಾರೆ ಅಂತ ಕೇಳಿದಾಗ ಎರಡೂ ಕಡೆಯವರು ಕ್ಯಾಲಿಫೋರ್ನಿಯಾ ಅಂದರು. ಎರಡು ಊರುಗಳನ್ನು ಹೋಲಿಸಲು ಕೂತಾಗ ಕಣ್ಣಿಗೆ ಎದ್ದು ಕಾಣುವ ವ್ಯತ್ಯಾಸವೇ ದೊಡ್ಡದಾಗಿಬಿಡುತ್ತದೆ. ಅಲ್ಲಿ ಹೋಗಿ ಆರು ತಿಂಗಳಾದ ಮೇಲೆ ಸಮುದ್ರ ಇದೆ ಅನ್ನುವುದು ನೆನಪಿಗೆ ಬರುವುದು ಯಾರಾದರೂ ನೆಂಟರು ಬಂದಾಗ.

ಅಭ್ಯಾಸವಾಗದ ಕಷ್ಟಗಳು

ನಿಜವಾಗಿ ವಿಚಾರಿಸಬೇಕಾದದ್ದು ಇವನ್ನು. ಕೆಲವು ತೊಂದರೆಗಳಿಗೆ ಮನುಷ್ಯ ಒಗ್ಗಿಕೊಳ್ಳುತ್ತಾನೆ. ಚಿಕ್ಕ ಮನೆ, ಚಳಿ, ಬೇರೆ ಭಾಷೆ, ಇವೆಲ್ಲ ವರ್ಷ ಕಳೆದಂತೆ ಅಷ್ಟು ಚುಚ್ಚುವುದಿಲ್ಲ. ಇನ್ನು ಕೆಲವು ಪ್ರತಿ ದಿನ ಹೊಸದಾಗಿಯೇ ಚುಚ್ಚುತ್ತವೆ.

ಅದರಲ್ಲಿ ಮೊದಲನೆಯದು ಓಡಾಟ. ಸ್ಟುಟ್ಸರ್ ಮತ್ತು ಫ್ರೈ ಅನ್ನುವ ಅರ್ಥಶಾಸ್ತ್ರಜ್ಞರು ಜರ್ಮನಿಯ ಸಮೀಕ್ಷೆಗಳನ್ನು ಇಟ್ಟುಕೊಂಡು 2008ರಲ್ಲಿ ತೋರಿಸಿದ್ದು ಇದು: ಕೆಲಸಕ್ಕೆ ದೂರದಿಂದ ಹೋಗಿಬರುವವರು ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೊಂದಿರುತ್ತಾರೆ, ಅಗ್ಗದ ಮನೆಯಾಗಲಿ ಜಾಸ್ತಿ ಸಂಬಳವಾಗಲಿ ಆ ಕೊರತೆಯನ್ನು ಪೂರ್ತಿ ತುಂಬುವುದಿಲ್ಲ. ದೂರದಲ್ಲಿ ದೊಡ್ಡ ಮನೆ ಸಿಗುತ್ತದೆ ಅಂತ ಲೆಕ್ಕ ಹಾಕುವಾಗ ಮನೆ ಕಣ್ಣಿಗೆ ಕಾಣುತ್ತದೆ, ದಿನಾ ಹೋಗಿಬರುವ ಎರಡೂವರೆ ಗಂಟೆ ಕಾಣುವುದಿಲ್ಲ. ಜಗತ್ತಿನ ಬೇರೆ ಬೇರೆ ಕಾಲದ, ಬೇರೆ ಬೇರೆ ಊರಿನ ಜನ ದಿನಕ್ಕೆ ಸುಮಾರು ಒಂದು ಗಂಟೆ ಓಡಾಟಕ್ಕೆ ಕೊಡುತ್ತಾರೆ ಅಂತ ಇಟಲಿಯ ಭೌತಶಾಸ್ತ್ರಜ್ಞ ಮಾರ್ಕೆಟ್ಟಿ 1994ರಲ್ಲಿ ಬರೆದಿದ್ದರು. ನಿಮ್ಮ ಲೆಕ್ಕ ಅದಕ್ಕಿಂತ ತುಂಬಾ ಮೇಲೆ ಹೋದರೆ ಊರು ಎಷ್ಟೇ ಚೆನ್ನಾಗಿದ್ದರೂ ಅದನ್ನು ಬೈಯಲು ಶುರು ಮಾಡುತ್ತೀರಿ. ಇನ್ನೊಂದು, ಎಷ್ಟು ಹೊತ್ತು ಅನ್ನುವುದಕ್ಕಿಂತ ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ ಅನ್ನುವುದು ಕೆಟ್ಟದು. ದಿನಾ ಐವತ್ತು ನಿಮಿಷದ ರೈಲಿಗಿಂತ ಒಂದು ದಿನ ಇಪ್ಪತ್ತು, ಇನ್ನೊಂದು ದಿನ ತೊಂಬತ್ತು ನಿಮಿಷ ಹಿಡಿಯುವ ರಸ್ತೆ ಜಾಸ್ತಿ ಸುಸ್ತು ಮಾಡುತ್ತದೆ. ಹಾಗಾಗಿ ಅಲ್ಲಿರುವವರನ್ನು "ಕೆಲಸಕ್ಕೆ ಎಷ್ಟು ದೂರ" ಅಂತ ಕೇಳಬೇಡಿ. "ಒಂಬತ್ತಕ್ಕೆ ತಲುಪಬೇಕಾದರೆ ಎಷ್ಟು ಗಂಟೆಗೆ ಹೊರಡುತ್ತೀರಿ" ಅಂತ ಕೇಳಿ.

ಎರಡನೆಯದು ಸದ್ದು. ಇದನ್ನು ಜನ ಯಾಕೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೋ ನನಗೆ ಅರ್ಥವಾಗಿಲ್ಲ. "ಸ್ವಲ್ಪ ದಿನ ಕಳೆದರೆ ಕೇಳಿಸೋದೇ ಇಲ್ಲ" ಅನ್ನುತ್ತಾರೆ. 1982ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೊಸ ಹೆದ್ದಾರಿ ಪಕ್ಕದ ನಿವಾಸಿಗಳನ್ನು ಅದು ತೆರೆದ ನಾಲ್ಕು ತಿಂಗಳಿಗೆ ಒಮ್ಮೆ, ಹದಿನಾರು ತಿಂಗಳಿಗೆ ಇನ್ನೊಮ್ಮೆ ಕೇಳಿದ್ದರು. ಒಂದು ವರ್ಷ ಕಳೆದರೂ ಕಿರಿಕಿರಿ ಕಡಿಮೆಯಾಗಿರಲಿಲ್ಲ. ಯುರೋಪಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಸಲಹೆಯ ಪ್ರಕಾರ ರಾತ್ರಿ ರಸ್ತೆಯ ಸದ್ದು 45 ಡೆಸಿಬೆಲ್‌ಗಿಂತ ಕೆಳಗಿರಬೇಕು. ಮನೆ ನೋಡಲು ಹೋದಾಗ ಕಿಟಕಿ ತೆಗೆದು ಐದು ನಿಮಿಷ ಸುಮ್ನೆ ನಿಂತುಕೊಳ್ಳಿ. ಸಾಧ್ಯವಾದರೆ ರಾತ್ರಿ ಹನ್ನೊಂದಕ್ಕೆ ಮತ್ತೆ ಬನ್ನಿ. ಬ್ರೋಕರ್ ಮಧ್ಯಾಹ್ನವೇ ಯಾಕೆ ಕರೆಯುತ್ತಾನೆ ಅಂತ ಆಗ ಗೊತ್ತಾಗುತ್ತದೆ.

ಗಾಳಿಯ ಬಗ್ಗೆ ಅಭಿಪ್ರಾಯ ಕೇಳುವುದೇ ಬೇಡ, ಅಳತೆ ಸಿಗುತ್ತದೆ. 2021ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಿಎಂ 2.5 ಅನ್ನುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ವಾರ್ಷಿಕ ಸರಾಸರಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೊಗ್ರಾಂ ಮೀರಬಾರದು ಅಂದಿದೆ, ಅದಕ್ಕೂ ಮೊದಲು ಅದು 10 ಇತ್ತು. ಹೆಚ್ಚಿನ ದೊಡ್ಡ ಊರುಗಳು ಇದನ್ನು ಮೀರುತ್ತವೆ, ಆದರೆ 8ಕ್ಕೂ 80ಕ್ಕೂ ತುಂಬಾ ವ್ಯತ್ಯಾಸ ಇದೆ. "ನಾವೆಲ್ಲ ಬದುಕಿಲ್ವಾ" ಅನ್ನುವವರಿಗೆ ಉತ್ತರ ಕೊಡಲು ಹೋಗಬೇಡಿ. ಮನೆಯಲ್ಲಿ ಮಕ್ಕಳೋ ಉಬ್ಬಸ ಇರುವವರೋ ಇದ್ದರೆ ಚಳಿಗಾಲದ ತಿಂಗಳುಗಳ ಅಂಕಿ ಬೇರೆಯಾಗಿ ನೋಡಿ.

ಅಲ್ಲಿನ ಜನ ಒಳ್ಳೆಯವರಲ್ಲ ಅನ್ನುವ ದೂರು

ಇದು ಎಲ್ಲಾ ಊರಿನ ಬಗ್ಗೆಯೂ ಇದೆ. ಹೋದ ಹೊಸದರಲ್ಲಿ ಯಾರೂ ಪರಿಚಯವಿರುವುದಿಲ್ಲ, ಭಾನುವಾರ ಕಳೆಯುವುದೇ ಕಷ್ಟ, ಆ ಒಂಟಿತನ ಎಲ್ಲಾ ಹೋಗಿ ಊರಿನ ತಲೆಗೆ ಕಟ್ಟುತ್ತದೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಲೆಕ್ಕ ಹಾಕಿದ ಪ್ರಕಾರ ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಹತ್ತಿರದ ಸ್ನೇಹಕ್ಕೆ 200 ಗಂಟೆಗೂ ಮೇಲೆ. ವಾರಕ್ಕೆ ಎರಡು ಗಂಟೆ ಸಿಕ್ಕರೆ ಹತ್ತಿರದ ಗೆಳೆಯರಾಗಲು ಎರಡು ವರ್ಷ! ಹಾಗಾಗಿ ಒಂದು ವರ್ಷದೊಳಗೆ ಬಿಟ್ಟು ಬಂದವರು "ಜನ ಬೆರೆಯಲ್ಲ" ಅಂದರೆ ಅದನ್ನು ಪಕ್ಕಕ್ಕಿಡಿ. ಐದು ವರ್ಷ ಇದ್ದವರೂ ಅದನ್ನೇ ಹೇಳಿದರೆ ಕಿವಿಗೆ ಹಾಕಿಕೊಳ್ಳಿ. ಪಟ್ಟಿಗಳಲ್ಲಿ ಮೇಲಿರುವ ವಿಯೆನ್ನಾವೇ, ಹೊರದೇಶದಿಂದ ಬಂದವರನ್ನು ಕೇಳುವ ಇಂಟರ್‌ನೇಷನ್ಸ್ ಸಮೀಕ್ಷೆಯಲ್ಲಿ, ಸ್ನೇಹದ ವಿಷಯಕ್ಕೆ ತಳದ ಹತ್ತಿರ ನಿಂತಿದ್ದುಂಟು.

ಅದೇ ವಿಯೆನ್ನಾದಲ್ಲಿ ಸುಮಾರು ಅರ್ಧದಷ್ಟು ಜನ ನಗರದ ಅಥವಾ ಸಹಾಯಧನ ಪಡೆದ ಮನೆಗಳಲ್ಲಿದ್ದಾರೆ, ಬಾಡಿಗೆ ಹಿಡಿತದಲ್ಲಿದೆ. ಆದರೆ ನಗರಸಭೆಯ ಮನೆಗೆ ಅರ್ಜಿ ಹಾಕಲು ಹೊಸಬರು ಮೊದಲು ವರ್ಷಗಟ್ಟಲೆ ಅಲ್ಲಿ ನೆಲೆಸಿರಬೇಕು. ಯಾವ ಊರಿನ ಸೌಲಭ್ಯ ಹೊಗಳಿದರೂ ಅದು ಹೊಸಬರಿಗೆ ಯಾವಾಗಿನಿಂದ ಸಿಗುತ್ತದೆ ಅಂತ ಕೇಳಿಕೊಳ್ಳಿ.

ಈಗ ನಿಮ್ಮ ಸರದಿ

ಇಷ್ಟೆಲ್ಲಾ ಕೇಳಿಕೊಂಡ ಮೇಲೆ ಒಂದು ಕಾಗದ ತೆಗೆದುಕೊಂಡು ನಿಮ್ಮ ಒಂದು ಮಾಮೂಲಿ ಮಂಗಳವಾರ ಬರೆಯಿರಿ. ರಜೆ ದಿನ ಬೇಡ, ಮಂಗಳವಾರವೇ ಇರಲಿ. ಎಷ್ಟಕ್ಕೆ ಏಳುತ್ತೀರಿ, ಮಗುವನ್ನು ಶಾಲೆಗೆ ಯಾರು ಬಿಡುತ್ತಾರೆ, ಕೆಲಸಕ್ಕೆ ಹೇಗೆ ಹೋಗುತ್ತೀರಿ, ಸಂಜೆ ನಡೆಯಲು ಎಲ್ಲಿ ಹೋಗುತ್ತೀರಿ, ರಾತ್ರಿ ಜ್ವರ ಬಂದರೆ ಯಾವ ಆಸ್ಪತ್ರೆ, ವಯಸ್ಸಾದ ಅಪ್ಪ ಅಮ್ಮನನ್ನು ನೋಡಲು ಎಷ್ಟು ಹೊತ್ತಿನ ದಾರಿ. ಅದೇ ಮಂಗಳವಾರವನ್ನು ಹೊಸ ಊರಿನಲ್ಲಿ, ನಿಮ್ಮ ಕೈಗೆ ಸಿಗುವ ಬಡಾವಣೆಯಲ್ಲಿ ಇಟ್ಟು ಮತ್ತೆ ಬರೆಯಿರಿ. ಆಸೆಪಡುವ ಬಡಾವಣೆಯಲ್ಲಲ್ಲ, ಬಾಡಿಗೆ ಕಟ್ಟಲು ಆಗುವಂಥದ್ದರಲ್ಲಿ. ಎಲ್ಲಿ ಬರೆಯಲು ಆಗದೆ ಪೆನ್ನು ನಿಲ್ಲುತ್ತದೋ ಅಲ್ಲಿಗೆ ಸಂಬಂಧಪಟ್ಟ ಪ್ರಶ್ನೆಯನ್ನೇ ಜನರಿಗೆ ಕೇಳಬೇಕು. ಉಳಿದ ಅಭಿಪ್ರಾಯ ಕೇಳಿಸಿಕೊಂಡು ಬಿಟ್ಟುಬಿಡಬಹುದು.

ಹೋಗಿ ನೋಡುವುದಾದರೆ ಆ ಊರಿನ ಅತಿ ಕೆಟ್ಟ ತಿಂಗಳಿನಲ್ಲಿ ಹೋಗಿ. ಟಿಕೆಟ್ಟೂ ಅಗ್ಗ. ನೋಡುವ ಜಾಗಗಳನ್ನು ಬಿಟ್ಟು, ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗುವವರ ಜೊತೆ ಬಸ್ಸಿನಲ್ಲೋ ರೈಲಿನಲ್ಲೋ ಒಮ್ಮೆ ಹೋಗಿಬನ್ನಿ. ಬಡಾವಣೆಯಲ್ಲಿ ಸಂಜೆ ಮಕ್ಕಳು ಹೊರಗೆ ಆಡುತ್ತಾರಾ, ವಯಸ್ಸಾದವರು ಒಬ್ಬರೇ ನಡೆದು ಹೋಗುತ್ತಾರಾ, ಹೆಂಗಸರು ರಾತ್ರಿ ಬಸ್ಸಿಗೆ ಕಾಯುತ್ತಾರಾ ಅಂತ ನೋಡಿ. ಅಪರಾಧದ ಅಂಕಿಗಳಿಗಿಂತ ಇದು ಜಾಸ್ತಿ ಹೇಳುತ್ತದೆ, ಯಾಕೆಂದರೆ ಎಷ್ಟೋ ಅಪರಾಧಗಳು ಪೊಲೀಸರವರೆಗೆ ಹೋಗುವುದೇ ಇಲ್ಲ.

ಮೊದಲೇ ಮನೆ ಕೊಳ್ಳಬೇಡಿ, ಮೊದಲ ವರ್ಷ ಬಾಡಿಗೆಗೇ ಇರಿ. ಬಾಡಿಗೆ ಕರಾರು ಮಾಡುವಾಗ ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕಾಗುತ್ತದೆ ಅಂತ ಮೊದಲೇ ಓದಿಕೊಳ್ಳಿ. ಸಾಧ್ಯವಿದ್ದರೆ ಸಾಮಾನು ಅರ್ಧ ಮಾತ್ರ ಸಾಗಿಸಿ.

ಮತ್ತೆ ನಾಳೆ ನಿಮ್ಮನ್ನೂ ಯಾರಾದರೂ ಕೇಳುತ್ತಾರೆ, ಆ ಊರು ಹೇಗಿದೆ ಅಂತ. ಆಗ ಒಂದೇ ಮಾತಲ್ಲಿ ತೀರ್ಪು ಕೊಟ್ಟು ಕಳಿಸಬೇಡಿ. ಯಾವ ವರ್ಷದಿಂದ ಯಾವ ವರ್ಷದವರೆಗೆ ಇದ್ದೆ, ಯಾವ ಬಡಾವಣೆ, ಒಬ್ಬನೇ ಇದ್ದೆನೋ ಸಂಸಾರ ಇತ್ತೋ, ಬಾಡಿಗೆ ಸಂಬಳದ ಎಷ್ಟು ಪಾಲು, ಕೆಲಸಕ್ಕೆ ಎಷ್ಟು ಹೊತ್ತು, ಯಾವುದಕ್ಕೆ ಕೊನೆಯವರೆಗೂ ಒಗ್ಗಿಕೊಳ್ಳಲಾಗಲಿಲ್ಲ, ಇಷ್ಟು ಹೇಳಿ. ಆಮೇಲೆ ಬೇಕಿದ್ದರೆ ಮನಸಾರೆ ಬೈಯಿರಿ.